ಅಪ್‌ಡೇಟ್: ಹೊಸದುರ್ಗದ ಹತ್ತಿರ ನಮ್ಮ ಹಳ್ಳಿ ಮನೆಗೆ ಫೈಬರ್ ಬಂತು

ಸಂಜೆಯಾದರೆ ಮೊಬೈಲ್ ನೆಟ್ ತೆವಳುತ್ತದೆ, ತಂಗಿಯ ಆನ್‌ಲೈನ್ ಕ್ಲಾಸಿಗೆ ಏನು ಮಾಡಲಿ ಅಂತ ಕೇಳಿದ್ದೆ. ಪಂಚಾಯ್ತಿಗೆ ಭಾರತ್‌ನೆಟ್ (ಹಳ್ಳಿ ಪಂಚಾಯ್ತಿಗಳಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆ) ಕೇಬಲ್ ಬಂದಿದೆಯಾ ನೋಡಿ ಅಂತ ಹಲವರು ಹೇಳಿದಿರಿ. ಬಂದಿತ್ತು! 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ, ನಮ್ಮ ಮನೆ ಬಾಗಿಲಿಗೆ ಈಗ ತಲುಪಿತು.

ಡಿಶ್ ಇಟ್ಟು ವೈರ್‌ಲೆಸ್ ತರಿಸುವ ಸಲಹೆಯೂ ಇತ್ತು. ಅದಕ್ಕೆ ಟವರ್ ನೇರವಾಗಿ ಕಾಣಬೇಕು. ನಮ್ಮ ಮನೆ ಸುತ್ತ ತೆಂಗಿನ ತೋಟ, ಆಗಲಿಲ್ಲ. ಫೈಬರ್ ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ತರುವ ಗಾಜಿನೆಳೆಯ ಕೇಬಲ್, ಅದಕ್ಕೆ ಆ ತೊಂದರೆ ಇಲ್ಲ. ದೂರವೂ ಅಷ್ಟು ಲೆಕ್ಕಕ್ಕಿಲ್ಲ, ಸಾಮಾನ್ಯವಾಗಿ 20 ಕಿ.ಮೀ.ವರೆಗೆ ಸಿಗ್ನಲ್ ಹೋಗುತ್ತದೆ.

ಒಂದು ಸಲ ಕೈಕೊಟ್ಟಿತು. ಮೋಡೆಮ್‌ನಲ್ಲಿ 'ಎಲ್‌ಒಎಸ್' ದೀಪ ಕೆಂಪಾಗಿತ್ತು. ಅಂದರೆ ಕೇಬಲ್‌ನಲ್ಲಿ ಬೆಳಕೇ ಬರುತ್ತಿಲ್ಲ. ನೀರಿನ ಪೈಪಿಗೆ ರಸ್ತೆ ಅಗೆದವರು ಕೇಬಲ್ ತುಂಡು ಮಾಡಿದ್ದರು. ಸರಿ ಮಾಡುವವರು ಬರಲು ತುಂಬ ದಿನ ಕಾಯಿಸಿದರು, ತಂಗಿಯ ಪರೀಕ್ಷೆ ಹತ್ತಿರ ಇತ್ತು. ನಿಜಕ್ಕೂ ಸಿಟ್ಟು ಬಂತು. ಅಗೆಯುವ ಮುಂಚೆ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಕರೆಂಟ್ ವಿಷಯ ಕೇಳಿದ್ದವರಿಗೆ: ಮೋಡೆಮ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿಸಿ. ದಾರಿಯಲ್ಲಿರುವ ಸ್ಪ್ಲಿಟರ್‌ಗೆ (ಒಂದು ಕೇಬಲ್‌ನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸಾಧನ) ಕರೆಂಟ್ ಬೇಕಿಲ್ಲ. ಆದರೆ ಪಂಚಾಯ್ತಿಯಲ್ಲಿರುವ ಯಂತ್ರಕ್ಕೆ ಬೇಕು. ಅಲ್ಲಿ ಬ್ಯಾಟರಿ ಸತ್ತಿದ್ದರೆ ಮನೆಯ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಕನೆಕ್ಷನ್ ತೆಗೆದುಕೊಳ್ಳುವ ಮೊದಲೇ ಅದನ್ನು ವಿಚಾರಿಸಿ. ನಮ್ಮಲ್ಲಿ ಬ್ಯಾಟರಿ ಬದಲಾಯಿಸಲು ಪಿಡಿಒಗೆ ಅರ್ಜಿ ಕೊಟ್ಟಿದ್ದೇವೆ, ಓಣಿಯವರೆಲ್ಲ ಸಹಿ ಹಾಕಿದ್ದಾರೆ.