ಮಾತ್ರೆ ತಗೊಂಡ್ರೂ ಥೈರಾಯ್ಡ್ ಗಂಟು ಕರಗ್ತಿಲ್ಲ, ಯಾಕೆ?

ಪ್ರಶ್ನೆ (ತೀರ್ಥಹಳ್ಳಿ): ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಕುತ್ತಿಗೆಯಲ್ಲಿ ಮೂರು ಗಂಟು, ದೊಡ್ಡದು 2.2 ಸೆಂ.ಮೀ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂದಿದೆ. ಗಂಟು ಕರಗಲಿ ಅಂತ ಒಂದು ಕಡೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಕೊಟ್ರು. ಮೊದಲು 0.6 ಇದ್ದ ಟಿಎಸ್‌ಎಚ್ (ಥೈರಾಯ್ಡನ್ನು ಚುರುಕುಗೊಳಿಸೋ ಹಾರ್ಮೋನು) ಈಗ 0.08. ಗಂಟು ಹಾಗೇ ಇದೆ, ಎದೆ ಡವಡವ ಅಂತಿದೆ. "ಈ ಕೋಶಗಳು ತಡೆಯೋ ಸಂಕೇತಕ್ಕೆ ಬಗ್ಗಲ್ಲ" ಅಂದ್ರು ಇನ್ನೊಬ್ಬ ಡಾಕ್ಟ್ರು. ಹಾಗಂದ್ರೇನು?

ಉತ್ತರ (ಹಾರ್ಮೋನ್ ತಜ್ಞೆ, ಶಿವಮೊಗ್ಗ): ಮೊದಲು ಅಮ್ಮನ ಎದೆಯ ವಿಷಯ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ, ಜೊತೆಗೆ ಡವಡವ. ನಾಳೆಯೇ ಇಸಿಜಿ, ಫ್ರೀ ಟಿ4 (ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಎಷ್ಟಿದೆ ಅನ್ನೋ ಪರೀಕ್ಷೆ) ಮಾಡಿಸಿ, ಮಾತ್ರೆ ಮುಂದುವರಿಸಬೇಕಾ ಅಂತ ಕೇಳಿ. ಈ ವಯಸ್ಸಲ್ಲಿ ಟಿಎಸ್‌ಎಚ್ ಇಷ್ಟು ಕೆಳಗಿದ್ದರೆ ಹೃದಯದ ಲಯ ತಪ್ಪಬಹುದು, ಮೂಳೆ ಸವೆಯಬಹುದು. ಬರೀ ಗಂಟು ಕರಗಿಸೋಕೆ ಥೈರಾಕ್ಸಿನ್ ಕೊಡೋ ಪದ್ಧತಿಯನ್ನು ಇವತ್ತು ವೈದ್ಯರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಕೈಬಿಟ್ಟಿದ್ದೇ ಸರಿ.

ಈಗ ನಿಮ್ಮ ಪ್ರಶ್ನೆ. ಥೈರಾಯ್ಡ್ ಕೋಶವನ್ನು ಬೆಳೆಸೋದು ಮುಖ್ಯವಾಗಿ ಟಿಎಸ್‌ಎಚ್; ಥೈರಾಕ್ಸಿನ್ ಕೊಟ್ಟರೆ ಅದು ಇಳಿಯುತ್ತದೆ. ತಡೆಯೋದರಲ್ಲಿ ಅಯೋಡಿನ್‌ಗೂ, ಗ್ರಂಥಿಯ ಕೋಶಗಳೇ ಸ್ರವಿಸುವ ಟಿಜಿಎಫ್-ಬೀಟಾ 1 ಎಂಬ ಪ್ರೋಟೀನಿಗೂ ದೊಡ್ಡ ಪಾತ್ರವಿದೆ. ಅಯೋಡಿನ್ ಸಾಕಷ್ಟಿದ್ದಾಗ ಈ ಪ್ರೋಟೀನೂ ಹೆಚ್ಚುತ್ತದೆ. ಅದು ಕೋಶದ ಮೇಲಿನ ಎರಡನೇ ಬಗೆಯ ಗ್ರಾಹಕಕ್ಕೆ (ಸಂಕೇತ ಹಿಡಿಯೋ ಪ್ರೋಟೀನಿಗೆ) ಅಂಟುತ್ತದೆ, ಆ ಗ್ರಾಹಕ ಮೊದಲನೇ ಬಗೆಯದನ್ನು ಎಬ್ಬಿಸುತ್ತದೆ. ಅಲ್ಲಿಂದ ಸಂಕೇತವನ್ನು ಒಳಗೆ ಒಯ್ಯುವ ಸ್ಮಾಡ್ 2, ಸ್ಮಾಡ್ 3 ಎಂಬ ಪ್ರೋಟೀನುಗಳು ಎಚ್ಚೆತ್ತು, ಸ್ಮಾಡ್ 4 ಜೊತೆ ಸೇರಿ ಕೋಶಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ವಿಭಜನೆಗೆ ಕುಮ್ಮಕ್ಕು ಕೊಡುವ ಮಿಕ್ ಜೀನು ತಗ್ಗುತ್ತದೆ, ಪಿ15, ಪಿ21ರಂಥ ತಡೆ ಪ್ರೋಟೀನುಗಳು ಏರುತ್ತವೆ. ಕೋಶ ತನ್ನ ಡಿಎನ್‌ಎ ನಕಲು ಮಾಡೋ ಮೊದಲೇ ನಿಲ್ಲುತ್ತದೆ.

ಈ ಸರಪಳಿಯ ಯಾವ ಕೊಂಡಿ ಕಳಚಿದರೂ ತಡೆ ಸಡಿಲವಾಗುತ್ತದೆ. ಎರಡನೇ ಗ್ರಾಹಕವೇ ಕಡಿಮೆಯಾದರೆ ಹೊರಗೆ ಸಂಕೇತ ಎಷ್ಟಿದ್ದರೂ ಒಳಗೆ ತಲುಪಲ್ಲ. ಈ ಸಂಕೇತಕ್ಕೆ ಅಡ್ಡ ಬರುವ ಸ್ಮಾಡ್ 7 ಅತಿಯಾದರೆ ಸಂಕೇತ ಮಧ್ಯದಲ್ಲೇ ಕಡಿದುಹೋಗುತ್ತದೆ. ಇನ್ನು ಕೋಶಕ್ಕೆ ಬೆಳೆಯಲು ಹೇಳುವ ರಾಸ್ ಅಥವಾ ಬಿರಾಫ್ ಜೀನು ಕೆಟ್ಟು ಸದಾ ಚಾಲೂ ಇದ್ದರೆ, ತಡೆ ಇದ್ದೂ ಇಲ್ಲದ ಹಾಗೆ. ಇಂಥ ಕೋಶದ ಮರಿಗಳೆಲ್ಲ ಅದೇ ಗುಣ ಹೊತ್ತು ಒಂದೆಡೆ ಗುಂಪಾಗುತ್ತವೆ, ಅದೇ ಗಂಟು. ಬೆಳೆಯೋಕೆ ಅದಕ್ಕೆ ಟಿಎಸ್‌ಎಚ್ ಅಷ್ಟಾಗಿ ಬೇಕಿಲ್ಲ. ಹಾಗಾಗಿ ಟಿಎಸ್‌ಎಚ್ ಇಳಿಸಿದರೆ ಸೊರಗೋದು ಸುತ್ತಲಿನ ಒಳ್ಳೆಯ ಅಂಗಾಂಶ, ಗಂಟು ಅಲ್ಲ.

ಪ್ರಶ್ನೆ (ಸಾಗರ): ಮೇಡಂ, ತಡೆ ಕಳಚಿದೆ ಅಂದ್ರೆ ಕ್ಯಾನ್ಸರ್ ಅಂತಲಾ?

ಉತ್ತರ (ಪೆಥಾಲಜಿಸ್ಟ್): ಅಲ್ಲ. ಸಾಧಾರಣ ಬಹುಗಂಟಿನ ಗಳಗಂಡದ ಕೋಶಗಳೂ ಟಿಜಿಎಫ್-ಬೀಟಾಗೆ ಬಗ್ಗೋದು ಕಡಿಮೆ. ಕ್ಯಾನ್ಸರ್ ಆಗೋಕೆ ಇನ್ನೂ ಬೇರೆ ಕೆಡುಕು ಸೇರಬೇಕು. ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನ ಸುಮಾರು ಅರ್ಧದಷ್ಟರಲ್ಲಿ ಬಿರಾಫ್ ಜೀನಿನ ವಿ600ಇ ಎಂಬ ಬದಲಾವಣೆ ಸಿಗುತ್ತದೆ. ಮುಂದುವರಿದ ಹಂತದಲ್ಲಿ ಅದೇ ಟಿಜಿಎಫ್-ಬೀಟಾ ಕೋಶಗಳು ಹರಡೋಕೆ ನೆರವಾಗಿಬಿಡುತ್ತದೆ. ಈ ರೋಗದಲ್ಲಿ ನನ್ನನ್ನು ಹೆಚ್ಚು ಕಾಡೋ ಸಂಗತಿ ಇದೇ.

ಪ್ರಶ್ನೆ (ಕೊಪ್ಪ): ಅಯೋಡಿನ್ ತಡೆಯುತ್ತೆ ಅಂದ್ರಲ್ಲ, ಲೂಗಾಲ್ (ಅಯೋಡಿನ್ ದ್ರಾವಣ) ಹನಿ ಕುಡಿಸಬಹುದಾ? ಮನೇಲಿ ಕಲ್ಲುಪ್ಪು, ಮಳೆಗಾಲದಲ್ಲಿ ಕಳಲೆ ಬೇರೆ.

ಉತ್ತರ (ಹಾರ್ಮೋನ್ ತಜ್ಞೆ): ಲೂಗಾಲ್ ಬೇಡವೇ ಬೇಡ. 5% ದ್ರಾವಣದ ಒಂದು ಹನಿಯಲ್ಲಿ ಸುಮಾರು 6 ಮಿ.ಗ್ರಾಂ ಅಯೋಡಿನ್, ವಯಸ್ಕರಿಗೆ ದಿನಕ್ಕೆ ಬೇಕಾದ 150 ಮೈಕ್ರೋಗ್ರಾಂಗೆ 40 ಪಟ್ಟು. ಮಾತು ಕೇಳದ ಗಂಟಿಗೆ ಅಷ್ಟು ಸುರಿದರೆ ಹಾರ್ಮೋನು ಮಿತಿಮೀರಿ ಉತ್ಪತ್ತಿಯಾಗಬಹುದು. ಸಿ.ಟಿ. ಸ್ಕ್ಯಾನಿನ ಕಾಂಟ್ರಾಸ್ಟ್ ಇಂಜೆಕ್ಷನ್‌ನಲ್ಲೂ ಅಯೋಡಿನ್ ಇರುತ್ತದೆ, ಅದಕ್ಕೂ ಮುಂಚೆ ಗಂಟಿದೆ ಅಂತ ಹೇಳಿ.

ದಿನದ ಅಡುಗೆಗೆ ಅಯೋಡಿನ್ ಉಪ್ಪು ಬಳಸಿ. ಮನೆಗೆ ಬರೋ ಹೊತ್ತಿಗೆ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ಒಲೆ ಪಕ್ಕ, ಆವಿ ತಾಗೋ ಕಡೆ ತೆರೆದಿಡಬೇಡಿ, ಅಯೋಡಿನ್ ಕಳೆದುಹೋಗುತ್ತದೆ. ಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪು ಇರಲಿ. ಹಳೇ ಗಂಟನ್ನು ಉಪ್ಪು ಕರಗಿಸಲ್ಲ, ಹೊಸದು ಹುಟ್ಟೋ ಸಂಭವ ತಗ್ಗಿಸುತ್ತದೆ.

ಕಳಲೆಯ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ, ಗ್ರಂಥಿಗೆ ಅಯೋಡಿನ್ ಒಳಬರೋದನ್ನು ತಡೆಯುತ್ತದೆ. ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲಿ. ಆಮೇಲೆ ಅಪರೂಪಕ್ಕೆ ತಿಂದರೆ ತೊಂದರೆಯಿಲ್ಲ.