ದಮಸ್ಕದ ಬೆಳಕು ನನಗೆ ಬರಲಿಲ್ಲ ಅಂದ ಪುಟ್ಟಿಗೆ

ಪುಟ್ಟೀ, ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡ್ದೆ ಕಣೇ, ಉದ್ದ ಆಗುತ್ತೆ, ಆದ್ರೂ ಪೂರ್ತಿ ಕೇಳು. ಯೂತ್ ಮೀಟಿಂಗಲ್ಲಿ ಒಬ್ಬೊಬ್ಬರೂ ಸಾಕ್ಷಿ, ಅಂದ್ರೆ ದೇವರು ತಮ್ಮನ್ನ ಹೇಗೆ ಬದಲಾಯಿಸಿದ ಅಂತ, ಹೇಳುವಾಗ ಇಂಥ ದಿನ ಇಂಥ ಹೊತ್ತಲ್ಲಿ ಬೆಳಕು ಕಂಡೆ, ಅವತ್ತೇ ಬದಲಾದೆ ಅಂತಾರೆ, ನನಗೆ ಅಂಥದ್ದು ಏನೂ ಆಗಿಲ್ಲ, ಹಾಗಾದ್ರೆ ನಾನಿನ್ನೂ ಕತ್ತಲೇಲೇ ಇದ್ದೀನಾ ಅಂತ ಕೇಳಿದ್ದೀಯ. ಅದಕ್ಕೆ ಮಾವ ಬರೆದಿದ್ದಾರೆ, ಪೌಲನಿಗೆ ಆದ ಹಾಗೆ ಎಲ್ಲರಿಗೂ ಆಗ್ಲೇಬೇಕು, ಇಲ್ಲಾಂದ್ರೆ ಅದು ಬರೀ ಅಪ್ಪ ಅಮ್ಮನಿಂದ ಬಂದ ಧರ್ಮ ಅಂತ. ಮಾವ, ನಿಮ್ಮ ಪ್ರಾರ್ಥನಾ ಜೀವನದ ಮೇಲೆ ನನಗೆ ತುಂಬಾ ಗೌರವ ಇದೆ, ಆದ್ರೆ ಈ ಮಾತು ಒಪ್ಪೋಕೆ ನನಗೆ ಆಗ್ತಿಲ್ಲ, ಯಾಕೆ ಅಂತ ಹೇಳ್ತೀನಿ.

ಮೊದಲು ಪೌಲನ ವಿಷಯಾನೇ ತಗೊಳ್ಳೋಣ. ಆಮೇಲೆ ಊರೂರಿಗೆ ಹೋಗಿ ಯೇಸುವಿನ ಸುವಾರ್ತೆ ಸಾರಿದವನು ಇವನು, ದಮಸ್ಕದ ದಾರೀಲಿ ಆಕಾಶದಿಂದ ಆ ಬೆಳಕು ಬಿದ್ದಾಗ ಅವನಿನ್ನೂ ಸೌಲ ಅಂತಾನೇ ಕರೆಸ್ಕೊಳ್ತಿದ್ದ. ಅವನು ದೇವರನ್ನ ಮರೆತು ಓಡಾಡ್ಕೊಂಡಿದ್ದ ಮನುಷ್ಯ ಅಲ್ಲವೇ ಅಲ್ಲ, ತಾರ್ಸದಲ್ಲಿ ಹುಟ್ಟಿ ಯೆರೂಸಲೇಮಲ್ಲಿ ಗಮಲಿಯೇಲ ಅನ್ನೋ ಗುರುವಿನ ಪಾದದ ಹತ್ರ ಕೂತು ಧರ್ಮಶಾಸ್ತ್ರ ಕಲಿತವನು, ಫರಿಸಾಯ, ಅಂದ್ರೆ ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯ ಪಂಗಡದವನು, ಶಾಸ್ತ್ರದ ಪ್ರಕಾರ ನನ್ನಲ್ಲಿ ತಪ್ಪು ಹಿಡಿಯೋ ಹಾಗಿರಲಿಲ್ಲ ಅಂತ ಆಮೇಲೆ ಅವನೇ ಬರೀತಾನೆ. ಯೇಸುವಿನ ಶಿಷ್ಯ ಸ್ತೆಫನನನ್ನ ಕಲ್ಲು ಹೊಡೆದು ಕೊಲ್ಲುವಾಗ ಸಾಕ್ಷಿಗಳು ಬಟ್ಟೆ ಬಿಚ್ಚಿಟ್ಟಿದ್ದು ಇವನ ಕಾಲ ಹತ್ರ. ಇವನಿಗೆ ಆ ಕೊಲೆ ಸರಿ ಅನ್ನಿಸಿತ್ತು. ದೇವರ ಕೆಲಸ ಮಾಡ್ತಿದ್ದೀನಿ ಅನ್ನೋ ಪೂರ್ತಿ ಭರವಸೆಯಿಂದಾನೇ ಮಹಾಯಾಜಕನ ಹತ್ರ ಪತ್ರ ತಗೊಂಡು, ಅಲ್ಲಿರೋ ಯೇಸುವಿನ ಶಿಷ್ಯರನ್ನ, ಗಂಡಸರು ಹೆಂಗಸರು ಅಂತ ನೋಡದೆ, ಕಟ್ಟಿಸ್ಕೊಂಡು ಬರ್ತೀನಿ ಅಂತ ದಮಸ್ಕಕ್ಕೆ ಹೊರಟ. ಅವನ ಕುರುಡುತನ ಇದ್ದಿದ್ದು ಅಲ್ಲಿ ಪುಟ್ಟೀ, ಆ ಭರವಸೇಲಿ. ನಮಗೆ ಇದು ಕೇಳೋಕೆ ಕಷ್ಟ, ಯಾಕಂದ್ರೆ ಆಧ್ಯಾತ್ಮಿಕ ಕುರುಡುತನ ಅಂದ ತಕ್ಷಣ ನಾವು ಸಭೆಯಿಂದ ಹೊರಗಿರೋರ ಕಡೆ ಕೈ ತೋರಿಸ್ತೀವಿ.

ನಡುಮಧ್ಯಾಹ್ನ, ಸೂರ್ಯನಿಗಿಂತ ಜೋರಾದ ಬೆಳಕು. ಅದು ಬಂದಾಗ ಏನಾಯ್ತು ನೋಡು, ಅವನ ಕಣ್ಣು ತೆರೀಲಿಲ್ಲ, ಇದ್ದ ಕಣ್ಣೂ ಹೋಯ್ತು! ಊರಿಗೆ ಊರನ್ನೇ ನಡುಗಿಸೋಕೆ ಬಂದವನನ್ನ ಜೊತೆಯವರು ಕೈ ಹಿಡಿದು ಊರೊಳಗೆ ಕರ್ಕೊಂಡು ಹೋದ್ರು. 3 ದಿನ ಊಟ ಇಲ್ಲ ನೀರಿಲ್ಲ. ಆ ಬೆಳಕಿಂದ ಬಂದ ಪ್ರಶ್ನೆ ಕೂಡ ಬರೀ ಒಂದೇ, ಸೌಲನೇ ಸೌಲನೇ ನನ್ನನ್ನ ಯಾಕೆ ಹಿಂಸೆಪಡಿಸ್ತೀಯ ಅಂತ. ನನ್ನ ಜನರನ್ನ ಅಂತ ಕೂಡ ಅನ್ನಲಿಲ್ಲ ಸ್ವಾಮಿ, ನನ್ನನ್ನ ಅಂದ. ಅಂದ್ರೆ ಇವನು ಯಾರನ್ನ ಎಳೆದು ಜೈಲಿಗೆ ಹಾಕಿಸ್ತಿದ್ನೋ ಅವರೊಳಗೇ ಆತ ಇದ್ದ, ಇವನಿಗೆ ಕಂಡಿರಲಿಲ್ಲ. ಇದನ್ನ ಯೋಚನೆ ಮಾಡಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತೆ.

ಮತ್ತೆ ಕಣ್ಣು ಬಂದಿದ್ದು ಆಕಾಶದಿಂದ ಅಲ್ಲ, ಇದನ್ನ ಯಾಕೋ ನಾವು ಯಾರೂ ಸಾಕ್ಷಿಯಲ್ಲಿ ಹೇಳೋದೇ ಇಲ್ಲ. ದಮಸ್ಕದಲ್ಲಿ ನೆಟ್ಟನೇ ಬೀದಿ ಅಂತ ಇದೆ, ಆ ಬೀದಿ ಇವತ್ತಿಗೂ ಹಳೇ ಊರಿನ ನಡುವೆ ಪೂರ್ವ ಪಶ್ಚಿಮವಾಗಿ ಹಾದು ಹೋಗುತ್ತೆ, ಅಲ್ಲಿ ಯೂದ ಅನ್ನೋನ ಮನೇಲಿ ಇವನು ಏನೂ ಕಾಣದೆ ಪ್ರಾರ್ಥನೆ ಮಾಡ್ತಾ ಕೂತಿದ್ದ. ಅದೇ ಊರಲ್ಲಿ ಅನನೀಯ ಅಂತ ಒಬ್ಬ ಶಿಷ್ಯ. ಅವನಿಗೆ ಕರ್ತನು ಹೋಗು ಅಂದಾಗ ಅವನು ಹೆದರಿದ, ಕರ್ತನೇ ಆ ಮನುಷ್ಯನ ಬಗ್ಗೆ ಕೇಳಿದ್ದೀನಿ, ನಿನ್ನ ಜನಕ್ಕೆ ಎಷ್ಟು ಕೇಡು ಮಾಡಿದ್ದಾನೆ ಅಂತ ವಾದಾನೂ ಮಾಡಿದ. ಸಹಜ ಅಲ್ವಾ, ಅವನನ್ನೇ ಹಿಡಿದು ಕಟ್ಟೋಕೆ ಬಂದವನು ಈ ಸೌಲ. ಆದ್ರೂ ಹೋದ. ಹೋಗಿ ಆ ತಲೆ ಮೇಲೆ ಕೈ ಇಟ್ಟು ಬಾಯಿಂದ ಬಂದ ಮೊದಲ ಮಾತು, "ಸಹೋದರನಾದ ಸೌಲನೇ". ಸಹೋದರ ಅಂದ, ಅಷ್ಟರಲ್ಲಿ ಸೌಲ ಯಾರ ಹತ್ರಾನೂ ಕ್ಷಮೆ ಕೇಳಿರಲಿಲ್ಲ, ದೀಕ್ಷಾಸ್ನಾನ ಆಗಿರಲಿಲ್ಲ, ಒಂದು ಸಾಕ್ಷಿ ಹೇಳಿರಲಿಲ್ಲ! ಆಗ ಕಣ್ಣಿಂದ ಪರೆ ಥರದ್ದು ಕಳಚಿ ಬಿತ್ತು. ಸೌಲನ ಕಣ್ಣಿಗೆ ಮೊದಲು ಕಂಡಿದ್ದು ಬಹುಶಃ ಇವನ ಮುಖಾನೇ ಇರ್ಬೇಕು, ತಾನು ಸಂಕೋಲೆ ಹಾಕೋಕೆ ಬಂದಿದ್ದ ಮನುಷ್ಯನ ಮುಖ, ಇದು ಬೈಬಲಲ್ಲಿ ಬರೆದಿಲ್ಲ, ನಾನು ಅಂದ್ಕೊಳ್ಳೋದು. ದಾರಿಯಲ್ಲಿ ಕಂಡ ಬೆಳಕಿನಷ್ಟೇ ಆ ಕೈನೂ ದೇವರ ಕೆಲಸ ಅಂತ ನನ್ನ ನಂಬಿಕೆ. ಪೌಲನ ಹಾಗೆ ಆಗ್ಬೇಕು ಅನ್ನೋರು ಅನನೀಯನನ್ನ ಬಿಟ್ಟು ಹೇಳಿದ್ರೆ ಅರ್ಧ ಕಥೆ ಹೇಳಿದ ಹಾಗೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಬೈಬಲಲ್ಲಿ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗಿ. ಫಿಲಿಪ್ಪಿ ಊರು, ಒಂದೇ ಅಧ್ಯಾಯದಲ್ಲಿ ಇಬ್ಬರು ನಂಬ್ತಾರೆ. ಮಧ್ಯರಾತ್ರಿ ಭೂಕಂಪ ಆಗಿ ಬಾಗಿಲೆಲ್ಲ ತೆರ್ಕೊಂಡಾಗ ಜೈಲಿನ ಅಧಿಕಾರಿ ಕೈದಿಗಳು ಓಡಿ ಹೋದ್ರು ಅಂದ್ಕೊಂಡು ಕತ್ತಿ ಹಿರಿದು ಪ್ರಾಣ ಕಳ್ಕೊಳ್ಳೋಕೆ ಹೋಗಿ, ದೀಪ ತರಿಸಿ ನಡುಗ್ತಾ ಒಳಗೆ ಕೈದಿಯಾಗಿದ್ದ ಪೌಲನ ಮುಂದೆ ಬಂದು ಬೀಳ್ತಾನೆ. ಆದ್ರೆ ಅದಕ್ಕೂ ಮೊದಲು ಲುದ್ಯ, ಬೆಲೆಬಾಳೋ ನೇರಳೆ ಬಣ್ಣದ ಬಟ್ಟೆ ವ್ಯಾಪಾರ ಮಾಡ್ತಿದ್ದವಳು, ಮೊದಲಿಂದಾನೂ ದೇವರಿಗೆ ಭಯಪಡ್ತಿದ್ದವಳು, ಹೊಳೆ ದಡದಲ್ಲಿ ಕೂತು ಪೌಲನ ಮಾತು ಕೇಳ್ತಿದ್ಲು, ಕರ್ತನು ಅವಳ ಹೃದಯ ತೆರೆದ. ಅಷ್ಟೇ, ಮಿಂಚಿಲ್ಲ ಧ್ವನಿ ಇಲ್ಲ. ಇಬ್ಬರಿಗೂ ದೀಕ್ಷಾಸ್ನಾನ ಕೊಟ್ರು, ಯಾರೂ ಲುದ್ಯಳನ್ನ ನಿನಗೆ ಭೂಕಂಪ ಆಗಿಲ್ವಲ್ಲ ಅಂತ ಕೇಳಲಿಲ್ಲ. ಇನ್ನು ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯ, ಅವನ ನಂಬಿಕೆ ಅಜ್ಜಿ ಲೋವಿಯಿಂದ ತಾಯಿ ಯೂನಿಕೆಯಿಂದ ಬಂತು ಅಂತ ಪೌಲನೇ ಸಂತೋಷವಾಗಿ ಬರೀತಾನೆ. ಮಾವ, ದಮಸ್ಕದ ಬೆಳಕು ಕಂಡ ಮನುಷ್ಯನೇ ಅಜ್ಜಿಯಿಂದ ಬಂದ ನಂಬಿಕೇನ ಕಡಿಮೆ ಅನ್ನಲಿಲ್ಲ.

ಹಾಗಂತ ಪುಟ್ಟೀ, ಬೆಳಕೇ ಬೇಡ, ಹುಟ್ಟಿದ ಮನೆ ಸಾಕು ಅಂತಾನೂ ಅಲ್ಲ. ಮಾವನ ಭಯದಲ್ಲಿ ಒಂದು ನಿಜ ಇದೆ, ಅದನ್ನ ತಳ್ಳಿ ಹಾಕಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಹೇಳ್ತಾನೆ, ಕತ್ತಲೆಯೊಳಗಿಂದ ಬೆಳಕು ಹೊಳೆಯಲಿ ಅಂದ ದೇವರೇ ನಮ್ಮ ಹೃದಯಗಳಲ್ಲಿ ಹೊಳೆದ ಅಂತ. ಸೃಷ್ಟಿ ದಿನದ ಬೆಳಕು ಅದು, ನಮ್ಮ ಕೈಲಿ ಹಚ್ಚೋಕೆ ಆಗೋದಲ್ಲ, ಪ್ರತಿಯೊಬ್ಬರಿಗೂ ದೇವರೇ ಕೊಡ್ಬೇಕು. ಆದ್ರೆ ಅದು ಎಷ್ಟು ಹೊತ್ತಲ್ಲಿ ಅಂತ ಆತ ಹೇಳಿಲ್ಲ. ಬೆತ್ಸಾಯಿದ ಅನ್ನೋ ಊರಲ್ಲಿ ಒಬ್ಬ ಕುರುಡನಿಗೆ ಯೇಸು ಸ್ವಾಮಿ ತಾನೇ ಕೈ ಇಟ್ರೂ ಮೊದಲ ಸಲ ಜನರು ಮರಗಳ ಥರ ಓಡಾಡೋ ಹಾಗೆ ಕಂಡ್ರು, ಇನ್ನೊಂದು ಸಲ ಕೈ ಇಟ್ಟ ಮೇಲೇ ಸ್ಪಷ್ಟ ಆಯ್ತು.

ದೊಡ್ಡ ಅನುಭವ ಆದವರಿಗೂ ಅಷ್ಟೇ. ಜಾನ್ ನ್ಯೂಟನ್, ಕುರುಡನಾಗಿದ್ದೆ ಈಗ ಕಾಣ್ತೀನಿ ಅಂತ ನಾವೆಲ್ಲ ಹಾಡೋ ಹಾಡು ಬರೆದವರು, 1748ರಲ್ಲಿ ಸಮುದ್ರದ ಬಿರುಗಾಳಿಲಿ ದೇವರನ್ನ ಕೂಗಿದ್ರು, ಅದನ್ನೇ ತಮ್ಮ ತಿರುಗುವಿಕೆ ಅಂತ ಬದುಕಿಡೀ ನೆನೆಸ್ಕೊಂಡ್ರು. ಆದ್ರೆ ಅದಾದ ಮೇಲೂ ಗುಲಾಮರನ್ನ ಸಾಗಿಸೋ ಹಡಗಿಗೆ ಕ್ಯಾಪ್ಟನ್ ಆಗಿದ್ರು, 1754ರಲ್ಲಿ ಸಮುದ್ರ ಬಿಟ್ಟಿದ್ದೂ ಆರೋಗ್ಯ ಕೆಟ್ಟು. ಆ ವ್ಯಾಪಾರದ ವಿರುದ್ಧ ನಾಚಿಕೆಯಿಂದ, ಬಹಿರಂಗವಾಗಿ ಬರೆದಿದ್ದು 1788ರಲ್ಲಿ. ನಲವತ್ತು ವರ್ಷ! ಡೇಟ್ ಗೊತ್ತಿತ್ತು, ಆದ್ರೆ ಹಡಗಿನ ಒಳಗೆ ಸರಪಳಿಲಿ ಬಿದ್ದಿದ್ದ ಮನುಷ್ಯರು ಅವರ ಕಣ್ಣಿಗೆ ಬೀಳೋಕೆ ಅಷ್ಟು ಕಾಲ ಬೇಕಾಯ್ತು. ಅದಕ್ಕೇ ನನಗೆ ಯಾವತ್ತು ಬೆಳಕು ಕಂಡೆ ಅನ್ನೋದಕ್ಕಿಂತ ಈಗ ಏನು ಕಾಣ್ತಿದೆ, ಯಾರು ಕಾಣ್ತಿದ್ದಾರೆ ಅನ್ನೋದೇ ಮುಖ್ಯ ಅನ್ಸುತ್ತೆ.

ಇನ್ನೊಂದು ಮಾತು ಗ್ರೂಪಲ್ಲಿ ಎಲ್ಲರಿಗೂ. ಕುರುಡು ಕುರುಡು ಅಂತ ಮಾತಾಡುವಾಗ ಸ್ವಲ್ಪ ನೋಡ್ಕೊಳ್ಳೋಣ, ಕಣ್ಣು ಕಾಣದವರೂ ಕೇಳಿಸ್ಕೊಳ್ತಿರ್ತಾರೆ. ಹುಟ್ಟು ಕುರುಡನನ್ನ ನೋಡಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ ಇವನದ್ದೂ ಅಲ್ಲ ಇವನ ತಂದೆತಾಯಿದೂ ಅಲ್ಲ ಅಂತ ಸ್ವಾಮಿ ಖಡಾಖಂಡಿತವಾಗಿ ಹೇಳಿದ್ದಾನೆ, ಯೋಹಾನನ ಸುವಾರ್ತೆ 9ನೇ ಅಧ್ಯಾಯ. ಅದೇ ಅಧ್ಯಾಯದ ಕೊನೇಲಿ ಆತ ಗದರಿಸಿದ್ದು ನಮಗೆ ಕಾಣುತ್ತೆ ಅಂತಿದ್ದ ಫರಿಸಾಯರನ್ನ. ಫ್ಯಾನಿ ಕ್ರಾಸ್ಬಿ ಕೈಗೂಸಾಗಿದ್ದಾಗಲೇ ದೃಷ್ಟಿ ಕಳ್ಕೊಂಡವರು, ಅವರು ಬರೆದ ಸಾವಿರಾರು ಕೀರ್ತನೆಗಳಲ್ಲಿ ಎಷ್ಟೋ ಇವತ್ತಿಗೂ ಲೋಕದ ಎಲ್ಲ ಕಡೆ ಹಾಡ್ತಾರೆ.

ಮತ್ತೆ ಪುಟ್ಟೀ, ನಿನ್ನ ಮೆಸೇಜ್ ಕೊನೇಲಿ ಕೇಳಿದ್ಯಲ್ಲ, ದೇವರಿಲ್ಲ ಅನ್ನೋ ನಿನ್ನ ಫ್ರೆಂಡ್ ಹತ್ರ ಹೇಗೆ ಮಾತಾಡ್ಲಿ, ನನಗೇ ಏನೂ ಕಂಡಿಲ್ವಲ್ಲ ಅಂತ. ಬೆಳಕು ತೋರಿಸೋ ಕೆಲಸ ನಿಂದಲ್ಲಮ್ಮ. ಅನನೀಯ ಮಾಡಿದಷ್ಟು ಮಾಡು, ಅವಳಿರೋ ಕಡೆ ಹೋಗು, ಮೊದಲು ಅಕ್ಕರೆಯಿಂದ ಕರಿ, ಅವಳು ಯಾಕೆ ಹಾಗೆ ಅಂತಾಳೆ ಅಂತ ಪೂರ್ತಿ ಕೇಳು, ನಡುವೆ ವಚನ ಹೇಳೋಕೆ ಹೋಗ್ಬೇಡ. ಅವಳ ಹೆಸರು ನನಗೆ ಪರ್ಸನಲ್ ಆಗಿ ಕಳಿಸು, ಗ್ರೂಪಲ್ಲಿ ಹಾಕ್ಬೇಡ, ಬೆಳಗಿನ ಪ್ರಾರ್ಥನೇಲಿ ಇವತ್ತಿಂದಾನೇ ನೆನೆಸ್ಕೊಳ್ತೀನಿ.