ಅಮ್ಮ ತಮ್ಮನಿಗೆ ಕಿಡ್ನಿ ಕೊಡುತ್ತಿದ್ದಾರೆ, ಅನಸ್ತೇಶಿಯಾ ಇಬ್ಬರಿಗೂ ಒಂದೇನಾ?

ಹಾಸನದ ಅಕ್ಕ:
ಮುಂದಿನ ವಾರ ಆಪರೇಷನ್. ಅಮ್ಮನಿಗೆ 54 ವರ್ಷ, ಶುಗರ್ ಬಿಪಿ ಏನೂ ಇಲ್ಲ. ತಮ್ಮ ಎರಡು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾನೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸಾಲದಾ, ಇಬ್ಬರಿಗೂ ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕಾ? ಕಿಡ್ನಿಯೇ ಕೆಲಸ ಮಾಡದ ತಮ್ಮನ ಮೈಯಿಂದ ಆ ಔಷಧಿ ಹೊರಗೆ ಹೋಗುವುದಾದರೂ ಹೇಗೆ ಅಂತ ಯೋಚಿಸಿ ಯೋಚಿಸಿ ನಿದ್ದೆಯೇ ಬರುತ್ತಿಲ್ಲ.

ಅನಸ್ತೇಶಿಯಾ ಡಾಕ್ಟರ್:
ಅಕ್ಕ, ನಿಮ್ಮ ಕೊನೆಯ ಪ್ರಶ್ನೆಯೇ ನಮಗೂ ಮೊದಲ ಪ್ರಶ್ನೆ. ಸ್ನಾಯು ಸಡಿಲಿಸಲು ಅಟ್ರಾಕ್ಯೂರಿಯಂ ಅಥವಾ ಸಿಸ್‌ಅಟ್ರಾಕ್ಯೂರಿಯಂ ಕೊಡುತ್ತೇವೆ. ಅದು ಮೈಯೊಳಗೆ ತಾನಾಗಿಯೇ ಒಡೆದು ಹೋಗುತ್ತದೆ, ಕಿಡ್ನಿಯನ್ನು ಕಾಯಬೇಕಿಲ್ಲ. ಪ್ರಜ್ಞೆ ತಪ್ಪಿಸಲು ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್ ಹೆಚ್ಚಾಗಿ ಉಸಿರಲ್ಲೇ ಹೊರಗೆ ಹೋಗುತ್ತದೆ. ಮಾರ್ಫಿನ್‌ನಿಂದ ಹುಟ್ಟುವ ವಸ್ತುಗಳು ಇಂಥವರ ಮೈಯಲ್ಲಿ ಉಳಿದುಬಿಡುತ್ತವೆ, ಹಾಗಾಗಿ ನೋವಿಗೆ ಹೆಚ್ಚಾಗಿ ಫೆಂಟನಿಲ್. ಶುರು ಮಾಡುವ ಮೊದಲು ಪೊಟ್ಯಾಷಿಯಂ ನೋಡಿಯೇ ನೋಡುತ್ತೇವೆ, ಜಾಸ್ತಿ ಇದ್ದರೆ ಹೃದಯಕ್ಕೆ ಅಪಾಯ. ಹೊಸ ಕಿಡ್ನಿಗೆ ರಕ್ತ ಬಿಡುವ ಹೊತ್ತಿಗೆ ಬಿಪಿ ಕುಸಿಯಬಾರದು. ಜೀವಂತ ದಾನಿಯ ಕಿಡ್ನಿಯಾದರೆ ಎಷ್ಟೋ ಸಲ ಟೇಬಲ್ ಮೇಲೇ ಮೂತ್ರ ಬರಲು ಶುರುವಾಗುತ್ತದೆ, ಎಷ್ಟು ಸಲ ನೋಡಿದರೂ ಅದು ಕಣ್ತುಂಬುವ ಗಳಿಗೆ.

ಅಮ್ಮನದು ಲ್ಯಾಪ್ರೊಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಇರಬೇಕು ಅಲ್ವಾ? ಒಂದು ಮಗ್ಗುಲಿಗೆ ಮಲಗಿಸಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ, ಅದಕ್ಕೇ ಸಾಮಾನ್ಯವಾಗಿ ಜನರಲ್ ಅನಸ್ತೇಶಿಯಾ, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದು. ಆ ಗ್ಯಾಸಿನ ಒತ್ತಡಕ್ಕೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಹಾಗಾಗಿ ಡ್ರಿಪ್ ಸಾಕಷ್ಟು ಹಾಕಿ ಮೂತ್ರ ಚೆನ್ನಾಗಿ ಬರುತ್ತಿದೆಯಾ ಅಂತ ನೋಡುತ್ತಲೇ ಇರುತ್ತೇವೆ.

ಕಿಡ್ನಿ ಕೊಟ್ಟವಳು:
ನಾನು ನಮ್ಮೆಜಮಾನರಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಎಚ್ಚರವಾದಾಗ ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತಿತ್ತು, ಹೆದರಿಬಿಟ್ಟೆ! ಆ ಗ್ಯಾಸಿನಿಂದಲೇ ಅಂತೆ, ಎರಡು ದಿನದಲ್ಲಿ ಹೋಯಿತು. ಅಮ್ಮನಿಗೆ ಮೊದಲೇ ಹೇಳಿಡಿ. ಆಮೇಲೆ ಮನೆಗೆ ಬಂದ ಮೇಲೆ ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಗಿಕ್ಲೋಫೆನಾಕ್ ತಂದು ನುಂಗಿಸಬೇಡಿ, ಉಳಿದಿರುವುದು ಒಂದೇ ಕಿಡ್ನಿ.

ಡಯಾಲಿಸಿಸ್ ಟೆಕ್ನಿಷಿಯನ್:
ತಮ್ಮನಿಗೆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಅಂತ ಎರಡು ರಕ್ತನಾಳ ಜೋಡಿಸಿರುವುದು) ಇದ್ದರೆ ಆ ಕೈಗೆ ಬಿಪಿ ಪಟ್ಟಿಯೂ ಬೇಡ, ಡ್ರಿಪ್ಪೂ ಬೇಡ. ಓಟಿಯವರಿಗೆ ಗೊತ್ತೇ ಇರುತ್ತದೆ, ಆದರೂ ಬಾಯಿಬಿಟ್ಟು ಹೇಳಿ. ಬೆರಳಿಟ್ಟರೆ ಝುಂ ಅನ್ನುವುದು ಸಿಗುತ್ತದಲ್ಲ, ಆಪರೇಷನ್ ಆದ ಮೇಲೂ ಅದು ಇದೆಯಾ ಅಂತ ಮುಟ್ಟಿ ನೋಡಲು ಅವನಿಗೇ ಹೇಳಿ.

ಹಾಸನದ ಅಕ್ಕ:
ಎಲ್ಲರಿಗೂ ಕೈಮುಗಿದೆ. ನಾಳೆ ಅಮ್ಮನಿಗೆ ಅನಸ್ತೇಶಿಯಾ ಚೆಕಪ್ ಇದೆ. ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ, ಅದನ್ನೂ ಹೇಳಬೇಕಾ?

ಅನಸ್ತೇಶಿಯಾ ಡಾಕ್ಟರ್:
ಹೇಳಲೇಬೇಕು. ಗಂಟಲಿಗೆ ಕೊಳವೆ ಹಾಕುವಾಗ ನಾವು ಮೊದಲು ನೋಡುವುದೇ ಆ ಹಲ್ಲನ್ನು.